ಗೂಬೆಯ ಕಾಲು

ಬೆಳಗಿನ ನಾಲ್ಕೂವರೆಗೆ ಹೈಸ್ಕೂಲಿನ ಅಂಗಳದಲ್ಲಿ
ವ್ಯಾನ್ ನಂಬರ್ ಎರಡರ ಬಾಗಿಲು ಎಳೆಯುತ್ತೇನೆ.
ಹನ್ನೊಂದು ಜನ ಹತ್ತುತ್ತಾರೆ, ಕೊರಳಲ್ಲಿ ದುರ್ಬೀನು,
ಮೊಣಕಾಲವರೆಗೂ ಜೇಬುಗಳು,
ಹಕ್ಕಿಗಳು ಈಗಲೇ ಕೇಳಿಸಿಕೊಳ್ಳುತ್ತಿವೆಯೇನೋ ಎಂಬಂತೆ
ಪಿಸುಮಾತು.

ನಾನು ಫೆರ್ಮಿನ್ ಅರ್ವೀಸು. ಹಬ್ಬದ ಬ್ಯಾಡ್ಜಿನಲ್ಲಿ
'ಚಾಲಕ' ಎಂದಷ್ಟೇ ಇದೆ.
ಈ ಇಂಪೀರಿಯಲ್ ಕಣಿವೆಯ ಕಾಲುವೆಗಳಿಗೆ
ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವನು.
ಯಾರ ಹೊಲಕ್ಕೆ ಎಷ್ಟು ಹೊತ್ತು, ಯಾವ ತೂಬು ಎಷ್ಟು ಗೇಣು,
ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು.
ಹಕ್ಕಿಯ ಹೆಸರು ಕೇಳಬೇಡಿ.

ಹೆಸರಿಗೆ ನೊರೀನ್ ಇದ್ದಾಳೆ, ಮುಂದಿನ ಸೀಟಿನಲ್ಲಿ.
ಫ್ಲಾಸ್ಕಿನ ಮುಚ್ಚಳಕ್ಕೆ ನನಗೂ ಕಾಫಿ ಬಗ್ಗಿಸಿ
"ಇವತ್ತು ಥ್ರ್ಯಾಷರ್" ಅನ್ನುತ್ತಾಳೆ.
ಮರಳಿನದೇ ಬಣ್ಣವಂತೆ, ಕುಡುಗೋಲಿನ ಕೊಕ್ಕಂತೆ,
ಹಾರುವುದಕ್ಕಿಂತ ಓಡುವುದೇ ಹೆಚ್ಚಂತೆ.
ಎರಡು ಗಂಟೆ ಉಪ್ಪುನೆಲದಲ್ಲಿ ನಿಂತು
ಹನ್ನೊಂದು ಜನ ಒಂದೇ ಪೊದೆಯನ್ನು ನೋಡಿದರು.
ಪೊದೆ ಪೊದೆಯಾಗಿಯೇ ಉಳಿಯಿತು.
ಮಿನ್ನೆಸೋಟದ ಲಿನೇಯಾ ಕ್ವಿಸ್ಟ್, ಎಂಬತ್ತರ ಹತ್ತಿರದವಳು,
ಮಡಚುವ ಕುರ್ಚಿಯಲ್ಲಿ ಕೂತು ಬೂಟಿನ ಮರಳು ಕೊಡವುತ್ತ
"ಇಲ್ಲದ ಹಕ್ಕಿಯನ್ನು ಇಷ್ಟು ಚೆನ್ನಾಗಿ
ಯಾರೂ ತೋರಿಸಿರಲಿಲ್ಲ" ಎಂದಳು.
ನೊರೀನ್‌ಳ ಕಿವಿ ಕೆಂಪಾಯಿತು.

ಮಧ್ಯಾಹ್ನ ಬಿಸಿಲಿಗೆ ಹೆದರಿ ಎಲ್ಲರೂ ಶಾಲೆಯ ಊಟದ ಹಾಲಿನಲ್ಲಿ.
ಇದೇ ಹಾಲಿನಲ್ಲಿ, ಸ್ಪ್ಯಾನಿಷ್ ಆಡಿದ್ದಕ್ಕೆ,
ಗೋಡೆಗೆ ಮುಖಮಾಡಿ ನಿಂತಿದ್ದೇನೆ ನಾನು.
ಗೋಡೆಗೀಗ ಹೊಸ ಬಣ್ಣ, ಮೇಲೆ ಹಕ್ಕಿಗಳ ಪಟ,
ಹೆಸರುಗಳು ಸ್ಪ್ಯಾನಿಷ್‌ನಲ್ಲೂ ಇವೆ.
ಒಂದು ಮೂಲೆಯಲ್ಲಿ ದನಿ ಹಿಡಿದು ಹಕ್ಕಿ ಗುರುತಿಸುವ ಪಾಠ:
ಕಿವಿಯಂತ್ರದ ಮುದುಕನೊಬ್ಬ
ಪಕ್ಕದವರ ಮುಖ ನೋಡಿ ನೋಡಿ ತಲೆದೂಗುತ್ತಾನೆ.
ಇನ್ನೊಂದು ಮೂಲೆಯಲ್ಲಿ ಚಿತ್ರದ ಪಾಠ:
"ಮೊದಲು ಒಂದು ಮೊಟ್ಟೆ ಬರೆಯಿರಿ,
ಅದರ ಮೇಲೆ ಸಣ್ಣದೊಂದು ಮೊಟ್ಟೆ.
ಹಕ್ಕಿ ಬಂದದ್ದು ಅಲ್ಲಿಂದಲೇ ತಾನೆ?"

ಸಂಜೆಯ ಪಟ್ಟಿಯಲ್ಲಿ ಬಿಲಗೂಬೆ.
ಗೊತ್ತುಮಾಡಿದ ಜಾಗದಲ್ಲಿ ಗೂಬೆಯಿಲ್ಲ.
ನೊರೀನ್ ನಕ್ಷೆ ಬಿಚ್ಚಿದಳು, ಮಡಚಿದಳು, ಬಿಚ್ಚಿದಳು.
ನಾನು ಯಾರನ್ನೂ ಕೇಳದೆ ಎಡಕ್ಕೆ ತಿರುಗಿಸಿದೆ,
ಮೇವಿನ ಪಿಂಡಿಗಳ ಹಿಂದಿನ ಮಣ್ಣುದಾರಿ,
ಹದಿನೇಳನೆಯ ತೂಬು.
ಇಂಜಿನ್ ಆರಿಸಿ "ಇಳಿಯಬೇಡಿ" ಎಂದೆ.
ಆ ದಿನ ನಾನಾಡಿದ ಮೊದಲ ಮಾತು.

ಏರಿಯ ಮೇಲೆ ನಿಂತಿತ್ತು, ಗೇಣುದ್ದದ್ದು.
ತಡವಾಗಿ ಬಂದ ನೆಂಟರನ್ನು ನೋಡುವ ಹಾಗೆ
ಒಮ್ಮೆ ತಗ್ಗಿ ಒಮ್ಮೆ ಎದ್ದು
ಹಳದಿ ಕಣ್ಣಿನಲ್ಲಿ ನಮ್ಮನ್ನು ಅಳೆಯಿತು.
ವ್ಯಾನಿನೊಳಗೆ ಒಂದು ಉಸಿರೂ ಇಲ್ಲ.
ಆಮೇಲೆ ನೊರೀನ್, ಮೆಲ್ಲಗೆ: "ನಿಮಗೆ ಹೇಗೆ ಗೊತ್ತು?"

ಹೇಗೆ ಗೊತ್ತು.
ಎಂಬತ್ತೊಂಬತ್ತರಲ್ಲಿ ಈ ಕಾಲುವೆಗೆ ಕಾಂಕ್ರೀಟು ಹಾಕುವಾಗ
ಬಿಲ ಮುಚ್ಚು ಅಂತ ಮೇಲಿನಿಂದ ಹೇಳಿಕಳಿಸಿದರು.
ಮುಚ್ಚಿದೆ. ಸಲಿಕೆಯಲ್ಲಿ, ಮೂರು ದಿನ, ನಲವತ್ತೆರಡು.
ಒಳಗಿನಿಂದ ಬುಡಬುಡಿಕೆ ಹಾವಿನ ಸದ್ದು ಬರುತ್ತಿತ್ತು.
ಹೆದರಿದರೆ ಗೂಬೆಮರಿ ಹಾಗೇ ಕೂಗುತ್ತದೆ, ಗೊತ್ತಿತ್ತು.
ಹಾವೇ ಎಂದುಕೊಂಡೆ. ಎಂದುಕೊಳ್ಳುವುದು ಸುಲಭವಿತ್ತು.
ಈ ತೂಬಿನ ಪಕ್ಕದ್ದೊಂದನ್ನು ಬಿಟ್ಟೆ.
ದಯೆಯೇನಲ್ಲ. ಕತ್ತಲಾಗಿತ್ತು, ಸೊಂಟ ನೋಯುತ್ತಿತ್ತು.

"ಇಲ್ಲೇ ಕೆಲಸದಲ್ಲಿದ್ದೆ" ಎಂದೆ.
ಹನ್ನೊಂದು ಪೆನ್ಸಿಲು ಹನ್ನೊಂದು ಪಟ್ಟಿಗಳಲ್ಲಿ
ಸರಿಗುರುತು ಹಾಕಿದವು.

ರಾತ್ರಿ ವ್ಯಾನು ಗುಡಿಸುವಾಗ
ಹಿಂದಿನ ಸೀಟಿನ ಕೆಳಗೆ ಲಿನೇಯಾಳ ಹಾಳೆ ಸಿಕ್ಕಿತು:
ದೊಡ್ಡ ಮೊಟ್ಟೆ, ಸಣ್ಣ ಮೊಟ್ಟೆ, ಎರಡು ಕಣ್ಣು,
ಕಾಲಿಲ್ಲದೆ ಗಾಳಿಯಲ್ಲಿ ತೇಲುತ್ತಿರುವ ಗೂಬೆ.
ಬೆಳಿಗ್ಗೆ ಅವಳ ಸೀಟಿನ ಮೇಲೆ ಇಟ್ಟರಾಯಿತು ಎಂದುಕೊಂಡು
ಮೊದಲು ಕಾಲು ಬರೆದೆ. ಕಾಲು ಉದ್ದ ಅದಕ್ಕೆ,
ನಿಮ್ಮ ಅಂದಾಜಿಗಿಂತ ಉದ್ದ.
ಕೆಳಗೊಂದು ಗೆರೆ ಎಳೆದೆ, ಏರಿ.
ಏರಿಯಲ್ಲೊಂದು ಬಿಲ. ಅದರ ಪಕ್ಕ ಇನ್ನೊಂದು.
ಹದಿನಾಲ್ಕಕ್ಕೆ
ಹಾಳೆ ಮುಗಿಯಿತು.