ಮೂರನೆಯ ಹೆಸರು

ಗದಗಿನ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು
ಬೇವಿನ ಗಿಡದ ಕೆಳಗೆ ನನ್ನ ಮೇಜು.
ಇಪ್ಪತ್ತಾರು ವರ್ಷ
ಖರೀದಿ, ವಾಟ್ನಿ, ಬಕ್ಷೀಸು, ಮೃತ್ಯುಪತ್ರ
ಬರೆದಿದ್ದೇನೆ. ಅಂದರೆ,
ಮಂದಿ ಹೇಳಿದ್ದನ್ನು
ಮಂದಿಗೆ ತಿಳಿಯದ ಕನ್ನಡಕ್ಕೆ ತಿರುವಿದ್ದೇನೆ.

ಬೆಟಗೇರಿಯ ತುಳಜಾಬಾಯಿ ಬಾಕಳೆ ಬಂದದ್ದು
ಎರಡನೇ ಶನಿವಾರ, ಕಚೇರಿಗೆ ಕೀಲಿ ಬಿದ್ದ ದಿನ.
"ಗದ್ಲ ಇರೂದಿಲ್ಲಂತ ಇವತ್ತ ಬಂದೇನಿ."
ಕೈಚೀಲದಲ್ಲಿ ಉತಾರ, ಪಟ್ಟಿ ತುಂಬಿದ ಪಾವತಿ.
ಪಕ್ಕದಲ್ಲಿ ಮಗ, ವಿಠ್ಠಲಸಾ,
ನಲವತ್ತೊಂದರ ಹುಡುಗ.

ಅವನು ಸುತ್ತಿದ ಕಂಡಿಕೆಯಲ್ಲಿ
ಒಂದೆಳೆ ಸಡಿಲಿಲ್ಲ, ಒಂದೆಳೆ ಬಿಗಿಯಿಲ್ಲ.
ನೋಟು ಮಾತ್ರ ಅವನಿಗೆ ಬರೀ ಬಣ್ಣ.
ಐನೂರರ ಬೂದಿ ಒಲ್ಲ,
ನೂರರ ನೇರಳೆ ಬೇಕು.
ಒಂದು ಮಿರ್ಚಿಗೆ ಐನೂರು ಕೊಟ್ಟು
ನೇರಳೆ ಒಂದು ಇಸಿದುಕೊಂಡು
ಗೆದ್ದು ಬಂದವನಂತೆ ಮನೆಗೆ ಬಂದವನು.

ಅವನ ಹೆಸರಿಗೇ ಬರೆದುಬಿಡ್ರಿ, ಅಂದೆ.
"ಯಾರರೆ ಒಂದ ಕಪ್ಪ ಚಾ ಕುಡಿಸಿ
ಹೆಬ್ಬಟ್ಟ ಒತ್ತಿಸ್ಕೊಂತಾರ."
ಮಗಳ ಹೆಸರಿಗೆ?
"ರತ್ನಿ ಬಂಗಾರದಂಥಾಕಿ. ಅಳಿಯನ ಸಾಲಗಾರರು
ನಮ್ಮ ಮನಿ ಬಾಗಲಾ ನೋಡಿಟ್ಕೊಂಡಾರ."
ದೇವರ ಹೆಸರಿಗೆ?
ನಗಲಿಲ್ಲ ಆಕೆ.
"ದೇವರು ಬಾಡಿಗಿ ವಸೂಲಿ ಮಾಡೂದಿಲ್ಲ."

ಹಂಗಾದರೆ ಟ್ರಸ್ಟು, ಎಂದೆ.
ಎರಡು ಮಳಿಗೆ, ಹಿಂದಿನ ಮಗ್ಗದ ಮನೆ
ಇನ್ನು ನಿಮ್ಮ ಹೆಸರಲ್ಲಿಲ್ಲ, ಅವನ ಹೆಸರಲ್ಲೂ ಇಲ್ಲ,
ಮೂವರ ಕೈಯಲ್ಲಿ, ಅವನ ಸಲುವಾಗಿ.
ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ.
ಬಾಡಿಗೆ ಅವನ ಊಟಕ್ಕೆ, ಗುಳಿಗೆಗೆ.
ಬಹಳ ಹೊತ್ತು ಸುಮ್ಮನಿದ್ದಳು.
"ಅಂದ್ರ ಹಾಸು ಇದ್ದಂಗ.
ನೇಕಾರ ಎದ್ದ ಹ್ವಾದ್ರೂ
ಮಗ್ಗದಾಗ ಬಿಗದ ನಿಂತಿರತೈತಿ."

ಚೆಕ್ಕುಬಂದಿ ಬರೆದೆ. ಪೂರ್ವಕ್ಕೆ ಮುನಸಿಪಾಲ್ಟಿ ರಸ್ತೆ,
ಪಶ್ಚಿಮಕ್ಕೆ ಹಸನಸಾಬನ ಬಣ್ಣದ ಭಟ್ಟಿ.
"ಇನ್ನೊಂದ ಬರೀರಿ. ಪ್ರತಿ ಗುರುವಾರ
ಅವನ ಕೈಯಾಗ ಒಂದ ನೇರಳಿ ನೋಟು, ಹೊಸಾದು."
ಕಾಯ್ದೆಯಲ್ಲಿ ಬಣ್ಣಕ್ಕೆ ಜಾಗ ಇಲ್ಲ, ಎಂದೆ.
"ಮಾಡ್ರಿ."
ಮಾಡಿದೆ. ಕಲಮು ಒಂಬತ್ತು:
ಸದರಿ ಫಲಾನುಭವಿಯ ಮನಸ್ಸಿಗೆ ಒಪ್ಪುವ ಬಣ್ಣದ
ಚಲಾವಣೆಯ ನೋಟು.
ನಾಳೆ ಸರಕಾರ ನೂರರ ಬಣ್ಣ ಬದಲಿಸಿದರೆ?
ಅದಕ್ಕೂ ಒಂದು ಸಾಲು ಸೇರಿಸಿದೆ.

ವಿಶ್ವಸ್ತರು ಮೂವರು.
ಒಬ್ಬಳು ರತ್ನಾಬಾಯಿ.
ಇನ್ನೊಬ್ಬ ಹಸನಸಾಬ, ಗೋಡೆ ಕಟ್ಟುವಾಗ
ಕೇಳದೆಯೇ ಎರಡು ಗೇಣು ಬಿಟ್ಟುಕೊಟ್ಟವನು.
ಮೂರನೆಯ ಹೆಸರು?
"ನಿಮ್ದ."

ನಮ್ಮ ಮನೆಯ ವಾಟ್ನಿಪತ್ರ ಟೈಪು ಮಾಡಿದ್ದು ನಾನೇ.
ಅಕ್ಕ ಶಾಂತವೀರವ್ವ, ಎಲ್ಲಿ ಒತ್ತಲಿ, ಎಂದಾಗ
ಇಲ್ಲಿ, ಎಂದು ತೋರಿಸಿದ ಬೆರಳು ನನ್ನದು.
ಓದಿ ಹೇಳು ಅನ್ನಲಿಲ್ಲ ಆಕೆ.
ತಮ್ಮ ಕೂತಿದ್ದನಲ್ಲ.

ಇದನ್ನು ಯಾರಿಗೂ ಹೇಳಿದವನಲ್ಲ.
ತುಳಜಾಬಾಯಿಗೆ ಹೇಳಿದೆ.
ಸೆರಗು ಸರಿ ಮಾಡಿಕೊಂಡು ಅಂದಳು:
"ಹೌದಲ್ಲ. ಎಲ್ಲೆಲ್ಲಿ ಒತ್ತಿಸ್ತಾರಂತ
ನಿಮಗ ಗೊತ್ತೈತಿ."

ಅಷ್ಟರಲ್ಲಿ ವಿಠ್ಠಲಸಾ
ನನ್ನ ಶಾಯಿ ಡಬ್ಬಿ ತೆರೆದು ಹೆಬ್ಬೆಟ್ಟು ಅದ್ದಿದ್ದ.
ಕಾಗದದ ಮೇಲೆ ಒತ್ತಲಿಲ್ಲ.
ಬೆರಳನ್ನೇ ಬಿಸಿಲಿಗೆ ಹಿಡಿದು
"ಅವ್ವಾ, ನೇರಳಿ" ಎಂದ.

ಇವತ್ತು ಭಾನುವಾರ ರಾತ್ರಿ.
ಕರಡು ಮುಂದಿದೆ. "ಮೂರನೆಯವರು ಶ್ರೀ"
ಎಂಬಲ್ಲಿಗೆ ಬಂದು ನಿಂತಿದೆ.
ಬರೆಯುವ ಮುಂಚೆ
ಅಕ್ಕನಿಗೊಂದು ಫೋನು ಹಚ್ಚಬೇಕು.
ನಂಬರು ಹುಡುಕುತ್ತಿದ್ದೇನೆ.