ಮೂರನೇ ಹಲ್ಲು

ಕತ್ತರಿಯ ಹಾಗೇ ಇದೆ, ಕತ್ತರಿಸಬಾರದು.
ಇಷ್ಟನ್ನು ಚಮನ್‌ಸಾಬರಿಗೆ ಒಪ್ಪಿಸಲು
ನನಗೊಂದು ಇಡೀ ಮಧ್ಯಾಹ್ನ ಬೇಕಾಯಿತು.

ಮಂಡಿಪೇಟೆಯ ಓಣಿಯ ತುದಿಗೆ ಅವರ ಸಾಣೆಗಲ್ಲು.
ದರ್ಜಿಯ ಕತ್ತರಿ, ಕಸಾಯಿಯ ಚೂರಿ, ಮದುವೆ ಮನೆಯ ಈಳಿಗೆ.
ಅದಕ್ಕೂ ಮೊದಲು ಕಾಟನ್ ಮಿಲ್ಲಿನಲ್ಲಿ ಹದಿನೆಂಟು ವರ್ಷ
ಹರಿದ ನೂಲಿನ ತುದಿ ಹುಡುಕಿ ಗಂಟು ಹಾಕಿದ ಬೆರಳು.
ಮಿಲ್ಲು ಮುಚ್ಚಿತು. ಬೆರಳು ಮರೆಯಲಿಲ್ಲ.

"ಅಲಗೇ ಇಲ್ಲದ್ದಕ್ಕ ನಾ ಏನ್ ಮಾಡ್ಲಿ ಸಿಸ್ಟರ್?"
ಇದು ಕಚ್ಚಬೇಕು ಸಾಬರೇ, ಕಡಿಯಬಾರದು.
"ಬೆಕ್ಕು ಮರೀನ ಕಚ್ಕೊಂಡು ಒಯ್ತತಲ್ಲ, ಹಂಗ?"
ಅಷ್ಟು ಮೆತ್ತಗಲ್ಲ.
ಎಲ್ಲಕ್ಕಿಂತ ಸಣ್ಣದರ ಹೆಸರು ಮಸ್ಕಿಟೊ ಅಂದೆ.
ಎಲೆಯಡಿಕೆ ಉಗುಳಿ ನಕ್ಕರು:
"ಸೊಳ್ಳಿ ಯಾವಾಗಿಂದ ರಕ್ತ ನಿಲ್ಲಸಾಕ ಹತ್ತಿತು?"

ಆಮೇಲೆ ಅವರದೇ ಪರೀಕ್ಷೆ.
ಬಾಯಿ ಮುಚ್ಚಿ ಬಿಸಿಲಿಗೆ ಹಿಡಿಯುವರು,
ಸಂದಿಯಲ್ಲಿ ಬೆಳಕು ಕಂಡರೆ ತಲೆಯಾಡಿಸುವರು.
ಒಂದೇ ಒಂದು ಎಳೆ ನೂಲಿಗೆ ಕಚ್ಚಿಸಿ
ಗಾಳಿಗೆ ತೂಗಬಿಡುವರು.
ಹಿಡಿಯ ಹಲ್ಲು ಕೂರುವ ಸದ್ದಿಗೆ ಕಿವಿ ಕೊಡುವರು:
ಟಕ್. ಟಕ್. ಟಕ್.
ಒಂದೊಂದಕ್ಕೂ ನಂಬರು ಕೆತ್ತಿದ್ದು ಅವರೇ.

ಒಂದು ಸಂಜೆ ಸಾಣೆಗಲ್ಲೇ ಸಿಡಿದು ಮಣಿಕಟ್ಟು ಸೀಳಿತು.
ಮಂಡಕ್ಕಿ ಅಂಗಡಿಯ ಹುಡುಗ ಆಟೋದಲ್ಲಿ
ದಾರಿಯುದ್ದಕ್ಕೂ ಟವೆಲ್ಲು ಒತ್ತಿ ಹಿಡಿದು ಬಂದ,
ಬಿಡು ಅಂದರೂ ಬಿಡಲೊಲ್ಲ.

ಬಿಟ್ಟಾಗ ಎದೆಯ ಲೆಕ್ಕಕ್ಕೆ ಸರಿಯಾಗಿ ಚಿಮ್ಮಿತು.
ಕೊಟ್ರೇಶಿ ಡಾಕ್ಟರು ದನಿ ಏರಿಸುವವರಲ್ಲ.
ಮೊದಲು ಬೆರಳಿಟ್ಟರು. ಆಮೇಲೆ ಅಂಗೈ ಚಾಚಿದರು.
ಅಂಗೈಗೆ ನಾನಿಟ್ಟೆ.
ಗಾಜ್ ಒತ್ತಿ, ಎತ್ತಿ, ಮತ್ತೆ ಒತ್ತಿ,
ಕೆಂಪಿನೊಳಗೆ ಧಮನಿಯ ತುದಿ,
ಹರಿದ ನೂಲಿನಷ್ಟೇ, ಸಿಕ್ಕಿತು.
ಟಕ್. ಟಕ್. ಟ...

ನಿಂತಿತು. ಫ್ಯಾನಿನ ಸದ್ದು ಮತ್ತೆ ಕೇಳಿಸಿತು.

ಕೈಯಷ್ಟೇ ಜೋಮು, ಕಿವಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ.
ಕಣ್ಣು ಮುಚ್ಚಿಕೊಂಡೇ ಚಮನ್‌ಸಾಬರು:
"ಅದು ಏಳನೇ ನಂಬರು, ಡಾಕ್ಟ್ರೇ.
ಮೂರನೇ ಹಲ್ಲು ಸಡ್ಲ ಐತಿ. ಬ್ಯಾರೆ ಹಾಕ್ರಿ."

ಮಾಸ್ಕಿನ ಮೇಲೆ ಡಾಕ್ಟರ ಕಣ್ಣು ನನ್ನ ಕಡೆ ಹೊರಳಿತು.
ಇನ್ನೊಂದನ್ನು ಅದರ ಕೆಳಗೇ ಕಚ್ಚಿಸಿ
ದಾರ ಸುತ್ತಿ ಗಂಟು ಬಿಗಿದರು.

ರಾತ್ರಿ ಲೆಕ್ಕ: ಗಾಜ್ ಸರಿ, ಸೂಜಿ ಸರಿ,
ಕ್ಲ್ಯಾಂಪು ಹನ್ನೆರಡಕ್ಕೆ ಹನ್ನೆರಡು.
ಏಳನ್ನು ಬೇರೆ ಟ್ರೇಯಲ್ಲಿಟ್ಟೆ.

ಹತ್ತನೇ ದಿನ ಹೊಲಿಗೆ ಬಿಚ್ಚಿಸಲು ಬಂದವರು
ಕೈ ಚಾಚಲಿಲ್ಲ.
"ಎಲ್ಲೈತಿ ಅದು, ಕೊಡ್ರಿ ಮೊದಲು" ಅಂದರು.