ಕೆಳದವಡೆ, ಎಡಗಡೆ

ಕಾಲಿಗೆ ಮೂರು ಗೊರಸಿದ್ದ ಕುದುರೆಯ ಹಲ್ಲು
ಒಂದು ಕೋಟಿ ವರ್ಷ ಹಳೆಯದು,
ಡ್ರಾಯರಿನಲ್ಲಿ, ಹತ್ತಿಯ ಮೇಲೆ ಮಲಗಿದೆ.
ಅದಕ್ಕೆ ನಂಬರಿದೆ, ಹದವಾದ ತಂಪಿದೆ,
ಬೆಂಕಿ ಬಿದ್ದರೆ, ನೀರು ನುಗ್ಗಿದರೆ
ಇಷ್ಟು ಡಾಲರೆಂದು ವಿಮೆಯಿದೆ.

ಡ್ರಾಯರು ತೆಗೆದು ಮುಚ್ಚುವ ವರ್ನಾ ಹ್ರುಷ್ಕಾಳ ಹಲ್ಲು
ಇಪ್ಪತ್ತೈದು ವರ್ಷದ್ದು.
ಅದಕ್ಕಿಲ್ಲ.

ನೆಬ್ರಾಸ್ಕಾದ ಲಿಂಕನ್, ಫೆಬ್ರವರಿ.
ಮ್ಯೂಸಿಯಮ್ಮಿನ ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ,
ನಾವು ನಾಲ್ವರು, ಮೇಜು ಮೂರು.
ಶುಕ್ರವಾರದ ಸೆಮಿನಾರಿಗೆ ತಪ್ಪದೆ ಹೋಗುತ್ತಿದ್ದುದು
ನಿಜ ಹೇಳಬೇಕೆಂದರೆ, ಪುಕ್ಕಟೆ ಪಾಪ್‌ಕಾರ್ನಿಗೆ.
ಅರಳದೆ ಉಳಿದ ಒಂದು ಕಾಳು
ಕಟ್ ಎಂದಿತು.
ಭಾಷಣ ಮಾಡುತ್ತಿದ್ದವರೂ ಒಂದು ಕ್ಷಣ ನಿಂತರು.

ವಿಮೆಯ ಪುಸ್ತಕ ಎಂಬತ್ತಾರು ಪುಟ.
ಕ್ವಾಬೆನಾ ಗಟ್ಟಿಯಾಗಿ ಓದಿದ:
ಕಾಲು ಮುರಿದರೆ ಉಂಟು, ಕರುಳಿಗೆ ಉಂಟು,
ಹಾವು ಕಚ್ಚಿದರೂ ಉಂಟು.
ಹಲ್ಲು, ಕಣ್ಣು ಮೈಗೆ ಸೇರಿದವಲ್ಲ.
‘ಹಾವಿನ ಹಲ್ಲಿಗೆ ಜಾಗವಿದೆ, ನನ್ನದಕ್ಕಿಲ್ಲ ನೋಡು’
ದವಡೆ ಹಿಡಿದುಕೊಂಡೇ ನಕ್ಕಳು ವರ್ನಾ.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ
ಎಂಬ ಗಾದೆ ಕಟ್ಟಿದವರು
ನಮ್ಮ ಸಂಬಳದ ಚೀಟಿ ಕಂಡವರಲ್ಲ.
ಇಲ್ಲಿ ಕಡಲೆ ಅಳೆಯುವುದು ವರ್ಷಕ್ಕೆ ಒಂಬತ್ತು ತಿಂಗಳು,
ಅದರಲ್ಲೂ ಸೆಪ್ಟೆಂಬರಿನದು ಅಕ್ಟೋಬರಿಗೆ.
ಅಷ್ಟರೊಳಗೆ ಶುಲ್ಕ ಕಟ್ಟಿ ಮುಗಿಸಬೇಕು,
ಅವರು ಕೊಡುವ ಮೊದಲೇ ಅವರಿಗೆ.
ನಾವ್ಯಾರೂ ಇಳಿಯದ ಈಜುಕೊಳಕ್ಕೆ ಇಷ್ಟು,
ಒಟ್ಟಿಗೆ ಕಟ್ಟಲಾಗದೆ ಕಂತು ಕೇಳಿದ್ದಕ್ಕೆ ಇಷ್ಟು.
ಬೇಸಿಗೆಯ ಮೂರು ತಿಂಗಳು?
‘ಬರವಣಿಗೆಗೆ ಪ್ರಶಸ್ತ ಕಾಲ’
ಎನ್ನುತ್ತದೆ ಡೀನರ ಕಚೇರಿಯ ಕಾಗದ.

ಪೇಟೆಯ ದಂತವೈದ್ಯರು ಸಾವಿರದ ಒಂಬೈನೂರು ಅಂದರು,
ವರ್ನಾಳ ತಿಂಗಳಿಗಿಂತ ಇನ್ನೂರು ಹೆಚ್ಚು.
ಉಳಿಸುವುದಕ್ಕಿಂತ ಕೀಳುವುದು ಅಗ್ಗ.
ನಮ್ಮದೇ ವಿಶ್ವವಿದ್ಯಾಲಯದ ದಂತ ಕಾಲೇಜಿನಲ್ಲಿ,
ಕಲಿಯುವವರ ಕೈಯಲ್ಲಿ, ಇನ್ನೂ ಅಗ್ಗ.
ಸರದಿ ಬರಲು ಐದು ವಾರ.
ಐದು ವಾರವೂ ಊದಿದ ಎಡಗೆನ್ನೆಯಲ್ಲೇ
ಮೊದಲ ವರ್ಷದವರಿಗೆ ಪಾಠ ಹೇಳಿದಳು,
ಹುಲ್ಲು ಮೇಯುವ ಪ್ರಾಣಿಯ ಹಲ್ಲು
ಹೇಗೆ ಸವೆದೂ ಸವೆದೂ ಮೇಲೇಳುತ್ತದೆ ಎಂದು.

ಕಿತ್ತವನು ಡೇನ್ ಒಸ್ಟರ್‌ಹೌಸ್ ಎಂಬ ಹುಡುಗ.
ಕೈ ತುಸು ನಡುಗುತ್ತಿತ್ತು.
‘ಇದನ್ನು ಕಿತ್ತದ್ದಕ್ಕೆ ನನಗೇನೂ ಕೊಡುವುದಿಲ್ಲ,
ಕೀಳಲು ನಾನೇ ಅವರಿಗೆ ಕೊಡುತ್ತೇನೆ, ಸಾಲ ಮಾಡಿ’
ಎಂದ ಮಾಸ್ಕಿನೊಳಗಿನಿಂದ.
ಬಾಯಿ ತೆರೆದವಳು ಏನೆಂದಾಳು?
ಆಂ ಎಂದಳು.

ಹಲ್ಲು ಕೇಳಿ ತಂದಿದ್ದಳು.
ತೊಳೆದು, ಒಣಗಿಸಿ, ಸಣ್ಣ ಕುಂಚದಲ್ಲಿ ನಂಬರು ಬರೆದು
ಕುದುರೆಯ ಪಕ್ಕ ಹತ್ತಿ ಹಾಸಿ ಇಟ್ಟಳು. ಚೀಟಿಯಲ್ಲಿ:
ಕೆಳದವಡೆ, ಎಡಗಡೆ.
ದೊರೆತ ಸ್ಥಳ, ಲಿಂಕನ್. ಕಾಲ, ಐದನೆಯ ವರ್ಷ.
ಆಹಾರ, ಸೆಮಿನಾರಿನಲ್ಲಿ ಮಿಕ್ಕದ್ದು.
ಇನ್ನು ಬೆಂಕಿ ಬಿದ್ದರೆ, ನೀರು ನುಗ್ಗಿದರೆ
ಅದಕ್ಕೂ ಉಂಟು.

ಏಪ್ರಿಲಿನಲ್ಲಿ ದಾನಿಗಳು ಬಂದರು, ಕೋಟಿನ ಮೇಲೆ ಹೆಸರು ಅಂಟಿಸಿಕೊಂಡು.
ಪ್ರೊಫೆಸರ್ ಡ್ರಾಯರು ಎಳೆದು ತೋರಿಸಿದರು.
ಒಬ್ಬಾಕೆ ಬಗ್ಗಿ, ಕನ್ನಡಕ ಏರಿಸಿ,
‘ಈ ಚಿಕ್ಕದು ಯಾವ ಪ್ರಾಣಿಯದು?’ ಎಂದರು.

ನಾವು ಮೂವರು ಗೋಡೆ ನೋಡಿದೆವು.
ವರ್ನಾಳ ನಾಲಿಗೆ ಬಾಯೊಳಗೆ
ಖಾಲಿ ಸಂದಿಗೆ ಹೋಗಿ, ಬಂದು, ಮತ್ತೆ ಹೋಗುವುದು
ಕೆನ್ನೆಯ ಮೇಲಿಂದಲೇ ಕಾಣುತ್ತಿತ್ತು.